ನಾಲ್ಕು ಬೆರಳಗಲ

ಬಡಿಯುವುದು ನನ್ನ ಕೆಲಸವಾಗಿತ್ತು.
ಅಚಲ ಎಂದು ಹೆಸರಿಟ್ಟಿದ್ದ ಆ ಯುದ್ಧನೆಲೆಯ ಹೊರಮೈ ಮೇಲೆ
ಸೊಂಟಕ್ಕೆ ಹಗ್ಗ, ಕೈಯಲ್ಲಿ ಗೇಣುದ್ದದ ಸುತ್ತಿಗೆ,
ಒಂದೊಂದೇ ಪಕ್ಕೆಲುಬು ಬಡಿಯುತ್ತ ತೆವಳುವುದು.

ಗಾಳಿಯಿಲ್ಲದಲ್ಲಿ ಸದ್ದು ಎಲ್ಲಿಂದ ಬರಬೇಕು?
ಶಿರಸ್ತ್ರಾಣವನ್ನು ಉಕ್ಕಿಗೆ ಒತ್ತಬೇಕು,
ಬಸುರಿಯ ಹೊಟ್ಟೆಗೆ ಕಿವಿಯಿಡುವ ಹಾಗೆ.
ಆಗ ಒಳಗಿನಿಂದ ಏರಿ ಬರುತ್ತದೆ: ಟಣ್.
ಟಣ್ ಅಂದರೆ ಗಟ್ಟಿ, ಮುಂದಕ್ಕೆ ಸರಿ.
ಹನ್ನೊಂದು ವರ್ಷ
ಉಕ್ಕು ನನ್ನೊಡನೆ ಬೇರೆ ಮಾತಾಡಿದ್ದಿಲ್ಲ.

ಮೂರನೇ ಬಳೆ, ನಲವತ್ತೊಂದನೇ ಪಕ್ಕೆಲುಬು,
ಮಹಾತೋಪಿನ ಬುಡ.
ಬಡಿದೆ. ಬೊದ್ ಅಂದಿತು.
ಇನ್ನೊಮ್ಮೆ. ಬೊದ್.
ಸಂತೆಯ ಗದ್ದಲದಲ್ಲಿ ಯಾರೋ
ಒಡಕು ಗಡಿಗೆಯನ್ನು ನನ್ನ ಕೈಗೆ ದಾಟಿಸಿ ಹೋದ ಹಾಗೆ.

ಬಣ್ಣ ಕೆರೆದು ನೋಡಿದೆ.
ಬೆಸುಗೆ ಇರುವೆ ಸಾಲಿನಂತೆ ಬಂದು ಬಂದು
ಒಂದು ಕಡೆ ನಿಂತಿತ್ತು.
ನಾಲ್ಕು ಬೆರಳಗಲ ಏನೂ ಇಲ್ಲ.
ಆಚೆಗೆ ಮತ್ತೆ ಬೆಸುಗೆ.
ನಡುವೆ ಬೂದುಬಣ್ಣ, ಅಚ್ಚುಕಟ್ಟಾಗಿ ಎರಡು ಕೈ.

ವರದಿಯ ಹಾಳೆಯಲ್ಲಿ ಇದ್ದದ್ದು ಎರಡೇ ಕಲಂ:
‘ಸರಿ ಇದೆ’, ‘ಸರಿಪಡಿಸಲಾಗಿದೆ’.
ಯಾವುದರಲ್ಲಿ ಬರೆಯಲಿ ಎಂದು ಹಲ್ದಿಸ್ ಸಾಹೇಬರನ್ನು ಕೇಳಿದೆ.
ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.
‘ತೋಪು ಬಿಚ್ಚಬೇಕಾಗುತ್ತದೆ. ಆರು ತಿಂಗಳು.
ಸೇನಾಪತಿಗೆ ನೀನು ಹೇಳುತ್ತೀಯೋ, ನಾನು ಹೇಳಲೋ?’
ಇಬ್ಬರೂ ಹೇಳಲಿಲ್ಲ.
ಮೊದಲ ಕಲಮಿನಲ್ಲಿ ಗೀಟೆಳೆದ ಪೆನ್ಸಿಲು
ಈಗಲೂ ನನ್ನ ಹತ್ತಿರ ಇದೆ, ಅರ್ಧ ಸವೆದು.

ಬೆಸೆದವನನ್ನು ಹುಡುಕಿಕೊಂಡು ಹೋದೆ.
ಓರ್ಸೆಕ್. ಕೆಳಗಿನ ತಾಮ್ರದ ಗ್ರಹದಿಂದ ಹಿಡಿದು ತಂದ ಕೈದಿ.
ತೋಪಿನ ಬಾಯಿ ತಿರುಗಿದ್ದೇ ಅವನ ಊರಿನ ಕಡೆಗೆ.
ಬೇಕೆಂದೇ ಬಿಟ್ಟೆಯಾ ಅಂದೆ, ಪಿಸುದನಿಯಲ್ಲಿ.
ಬಹಳ ಹೊತ್ತು ನೆನಪು ಮಾಡಿಕೊಂಡ.
‘ಕಡ್ಡಿ ಮುಗಿದಿತ್ತು ಕಣಮ್ಮ. ಉಗ್ರಾಣಕ್ಕೆ ಬೀಗ.
ಮಾರನೆಯ ದಿನ ಉದ್ಘಾಟನೆ.
ಬಣ್ಣದವನು ಬಕೆಟ್ಟು ಹಿಡಿದು ಬಂದು ನಿಂತಿದ್ದ.’
ಆಮೇಲೆ ನನ್ನ ಬುತ್ತಿಯಲ್ಲಿ
ಉಪ್ಪು ಬಿಸ್ಕತ್ತು ಉಳಿದಿದೆಯಾ ಎಂದು ಕೇಳಿದ.
ಒಂದಿತ್ತು. ಕೊಟ್ಟೆ.

ಮುಂದಿನದು ನಿಮಗೆ ಗೊತ್ತಿರುವುದೇ.
ತೋಪು ಮೊದಲ ಸಲ ಸಿಡಿದ ದಿನ
ಗುಂಡು ಗುರಿ ತಪ್ಪಿತು,
ವೈರಿಯ ಒಂದು ಕಲ್ಲೂ ತಾಗದೆ
ತನ್ನ ಒದೆತಕ್ಕೆ ತಾನೇ, ಅಚಲ,
ಆ ನಾಲ್ಕು ಬೆರಳಿನಿಂದ ಶುರುವಾಗಿ
ಹೊಲಿಗೆ ಬಿಟ್ಟ ಅಂಗಿಯಂತೆ ಬಿಚ್ಚಿಕೊಂಡಿತು.
ಎರಡು ಸಾವಿರದ ಮುನ್ನೂರು ಜನ.
ಹಲ್ದಿಸ್. ಬಣ್ಣದವನು. ಓರ್ಸೆಕ್ ಕೂಡ.
ನಾನು ಹೊರಗಿದ್ದೆ, ಹಗ್ಗದ ತುದಿಯಲ್ಲಿ.
ಶಿರಸ್ತ್ರಾಣ ಯಾವುದಕ್ಕೂ ತಾಗಿರಲಿಲ್ಲ.
ಏನೂ ಕೇಳಿಸಲಿಲ್ಲ.

ವಿಚಾರಣೆಯಲ್ಲಿ ನಾನು ಹೇಳಿದ್ದು ಅವನ ಹೆಸರೊಂದೇ.
ಉಳಿದದ್ದನ್ನು ಅವರೇ ಬೆಸೆದುಕೊಂಡರು.

ಈಗ ಅವನೂರಿನಲ್ಲೇ ಇದ್ದೇನೆ, ಮಂಡಿನೋವಿನ ಮುದುಕಿ.
ಚೌಕದಲ್ಲಿ ಓರ್ಸೆಕ್ ನಿಂತಿದ್ದಾನೆ, ಎರಡಾಳೆತ್ತರ,
ಕೈಯಲ್ಲಿ ಬೆಸುಗೆ ಕಡ್ಡಿ
(ಅದೊಂದೇ ಅವನ ಬಳಿ ಇರಲಿಲ್ಲ).
ಮಕ್ಕಳು ಪಾಠ ಒಪ್ಪಿಸುತ್ತವೆ:
ಜೀವದ ಹಂಗು ತೊರೆದು ಅವನು ತೆರೆದಿಟ್ಟ ಬಾಗಿಲು.
ಸೋತವರ ನಾಡಿನಲ್ಲಿ
ಅದೇ ಹೆಸರು ನಾಯಿಗೆ ಇಡುತ್ತಾರಂತೆ.
ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿತ್ತು
ಅಂತ ಇಲ್ಲೂ ಕೇಳಲಿಲ್ಲ, ಅಲ್ಲೂ ಕೇಳಲಿಲ್ಲ.

ನಿನ್ನೆ ನಸುಕಿನಲ್ಲಿ, ಹಳೆಯ ಚಾಳಿ,
ಗೆಣ್ಣಿನಿಂದ ಮೂರ್ತಿಯ ಮೊಣಕಾಲಿಗೆ ಬಡಿದು
ಕೆನ್ನೆ ಒತ್ತಿ ನಿಂತೆ.
ಇನ್ನೊಮ್ಮೆ ಬಡಿದೆ.
ಚೌಕ ಗುಡಿಸುವ ಹುಡುಗ ಇಂಬೆಲ್
ಪೊರಕೆ ನಿಲ್ಲಿಸಿ ಕೇಳಿದ:
‘ಹೇಗಿದೆ ಅಜ್ಜಿ, ಗಟ್ಟಿ ಇದೆಯಾ?’

ಸರಿ ಇದೆ ಅಂದೆ.