ಹತ್ತೊಂಬತ್ತನೇ ಎಳೆ

ಶಿಡ್ಲಘಟ್ಟದಲ್ಲಿ ಯಾರನ್ನು ಕೇಳಿದರೂ
ಇದನ್ನು ರೇಷ್ಮೆಗೇ ಹೋಲಿಸುತ್ತಾರೆ.
ಅಮ್ಮಿಯೂ ಅಷ್ಟೇ. ಮೂವತ್ತು ವರ್ಷ
ಬಿಸಿನೀರಲ್ಲಿ ಬೆರಳದ್ದಿ ಗೂಡಿನ ತುದಿ ಹುಡುಕಿದವಳು
ನನ್ನ ಕೈಯ ಗಾಜಿನೆಳೆ ನೋಡಿ
"ಎಷ್ಟು ಡೀನಿಯರ್?" ಅಂದಳು.

ಅಲ್ಲಮ್ಮಿ, ರೇಷ್ಮೆ ಹರಿದರೆ ಗಂಟು ಹಾಕಬಹುದು,
ಇದಕ್ಕೆ ಗಂಟಿಲ್ಲ.
ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ನೆಟ್ಟಗೆ ಕತ್ತರಿಸಿ
ಎರಡು ತುದಿ ಎದುರೆದುರು ಇಟ್ಟು ಒಂದು ಕಿಡಿ ಕೊಟ್ಟರೆ
ಕರಗಿ ಒಂದಾಗುತ್ತವೆ.
ಬೆರಳಿಗೆ ಸುತ್ತಿದೆಯೋ,
ಬಾಗಿದಲ್ಲೇ ಬೆಳಕು ಸೋರಿಹೋಗುತ್ತದೆ.

ಹುರಿಮಿಷನ್ ಗಲ್ಲಿಯ ಮೂಲೆಕಂಬದಲ್ಲಿ ನನ್ನ ಡಬ್ಬಿ,
ಬುತ್ತಿ ಕಟ್ಟುವಷ್ಟು ದೊಡ್ಡದು.
ಒಂದು ಎಳೆ ಒಳಗೆ ಬರುತ್ತದೆ, ಮೂವತ್ತೆರಡು ಹೊರಡುತ್ತವೆ.
ಕರೆಂಟಿಲ್ಲ, ಬ್ಯಾಟರಿಯಿಲ್ಲ, ಫ್ಯಾನಿನ ಸದ್ದೂ ಇಲ್ಲ.
ಸಂಜೆ ಕರೆಂಟು ಹೋಗಿ ಊರೆಲ್ಲ ಬೈಯುವಾಗ
ಅದು ಸುಮ್ಮನೆ ಪಾಲು ಮಾಡುತ್ತಿರುತ್ತದೆ,
ಮನೆಗೊಂದು ಪಾಲು, ಹಂಚಿದಷ್ಟೂ ಮಂಕಾಗುತ್ತ.
ನನ್ನ ಮೀಟರಿನಲ್ಲಿ ಮೈನಸ್ ಇಪ್ಪತ್ತೊಂದು.
ಸಾಕು ಅನ್ನುವಷ್ಟು.

ಬರುವ ಮಾತು ಎಲ್ಲ ಮನೆಗೂ ಬರುತ್ತದೆ.
ಅವರವರ ಪೆಟ್ಟಿಗೆ ತನ್ನದನ್ನು ಮಾತ್ರ ಬಿಚ್ಚಿ
ಪಕ್ಕದವರದನ್ನು ಮುಟ್ಟದೆ ಬಿಟ್ಟುಬಿಡುತ್ತದೆ.
(ನಮ್ಮ ಗಲ್ಲಿಯಲ್ಲಿ ಅಷ್ಟು ಮರ್ಯಾದೆ ಇರುವುದು ಅದಕ್ಕೊಂದಕ್ಕೇ.)
ಹೋಗುವ ಮಾತಿಗೆ ಸರದಿ.
ಎಕ್ಸ್‌ಚೇಂಜು ಹೇಳುತ್ತದೆ: ಈಗ ನೀನು. ಈಗ ನೀನು.
ಹತ್ತಿರದ ಮನೆ ಒಂದಿಷ್ಟು ತಡೆದು ಮಾತಾಡಬೇಕು,
ಕೆರೆಯಾಚೆಯ ಮನೆಯಷ್ಟೇ ದೂರ ಇದ್ದೇನೆ ಅನ್ನುವ ಹಾಗೆ.

ಮೊನ್ನೆ ಮಂಗಳವಾರ ಮೂವತ್ತೆರಡೂ ಮೂಕ.
ಯಾರೂ ಅಗೆದಿಲ್ಲ, ಇಲಿ ಕಡಿದಿಲ್ಲ, ಎಳೆ ಹರಿದಿಲ್ಲ.
ಯಾವುದೋ ಒಂದು ಪೆಟ್ಟಿಗೆ
ಸರದಿ ಮರೆತು ಒಂದೇ ಸಮನೆ ಬೆಳಕು ಬಿಡುತ್ತಿದೆ.
ಅದರಲ್ಲಿ ಮಾತಿಲ್ಲ, ಬರೀ ಉರಿ.
ಅದರ ಕೆಳಗೆ ಮೂವತ್ತೊಂದು ಮನೆ ಮುಳುಗಿವೆ.

ಏಣಿಯ ಮೇಲೆ ನಾನು, ಫೋನಿನಲ್ಲಿ ಅಶ್ವತ್ಥರೆಡ್ಡಿ.
ಒಂದು ಕಿತ್ತೆ. ಬಂತಾ? ಇಲ್ಲ.
ಸಿಕ್ಕಿಸಿದೆ. ಇನ್ನೊಂದು. ಬಂತಾ? ಇಲ್ಲ ತಾಹೇರಾ.
ಹನ್ನೊಂದು. ಹನ್ನೆರಡು.
ಕೆಳಗೆ ಟೀ ಅಂಗಡಿಯ ಬಾಬಾಜಾನ್
ಚಿಲ್ಲರೆಗೆ ಪರದಾಡುತ್ತ ನನ್ನನ್ನೇ ಗುರಾಯಿಸುತ್ತಾನೆ.
ಹತ್ತೊಂಬತ್ತನೆಯದು ಕಿತ್ತಾಗ
"ಬಂತು! ಬರ್ತಾ ಅವೆ, ಒಂದು, ಆರು, ಹದಿನಾಲ್ಕು..."
ಎಳೆಗೆ ಅಂಟಿಸಿದ ಚೀಟಿ ಓದಿದೆ:
ಹರಾಜು ಚಿಕ್ಕಮುನಿಯಪ್ಪ.

ಗೂಡಿನ ಮಾರುಕಟ್ಟೆಯಲ್ಲಿ ಲಾಟು ಕೂಗುತ್ತಿದ್ದವರು.
ಬೆಲೆಯನ್ನು ಕನ್ನಡದಲ್ಲಿ ಹತ್ತಿಸಿ ತೆಲುಗಿನಲ್ಲಿ ಇಳಿಸಿ
ನಡುವೆ ಉರ್ದುವಿನಲ್ಲಿ ಬೈದು.
ಈಗ ಬೆಲೆ ಮೊಬೈಲಿನಲ್ಲೇ ಏರುತ್ತದೆ,
ಗೂಡಿನ ರಾಶಿಗಳ ನಡುವೆ ಹೆಬ್ಬೆರಳುಗಳು ಮಾತ್ರ ಆಡುತ್ತವೆ.

ಗೋಡೆಯ ಪೆಟ್ಟಿಗೆ ಮುಟ್ಟಲಾಗದಷ್ಟು ಬಿಸಿ.
ವಿಷಯ ಹೇಳಿದೆ. ಎರಡು ಸಲ ಕೇಳಿಸಿಕೊಂಡರು.
"ಅಂದ್ರೆ ಬೆಳಗಿನಿಂದ ಇಡೀ ಬೀದಿ ಬಾಯಿ ಮುಚ್ಚಿಸಿದ್ದು
ನಮ್ಮನೇದಾ?"
ಹೌದು ತಾತ.
"ಲೇ ರತ್ನಮ್ಮಾ, ಕೇಳಿಸ್ಕೊಂಡ್ಯಾ!"
ಅಬ್ಬಾ ಆ ಗಂಟಲು. ಸಜ್ಜೆಯ ಮೇಲಿನ ಪಾರಿವಾಳ
ಪಕ್ಕದ ಮನೆಗೆ ಹಾರಿತು.

ಹೊಸದು ಹಾಕಿದೆ. ಹಸಿರು ದೀಪ ಮಿಟುಕುತ್ತಿತ್ತು,
ನೀನು ಯಾರೆಂದು ಎಕ್ಸ್‌ಚೇಂಜು ವಿಚಾರಿಸುವ ಹೊತ್ತು.
"ನನ್ನ ಸರದಿ ಯಾವಾಗಮ್ಮ ಬರೋದು?"
ರೆಪ್ಪೆ ಬಡಿಯೋದ್ರಲ್ಲಿ ಸಾವಿರ ಸಲ ಬಂದು ಹೋಗುತ್ತೆ.
"ಅಷ್ಟು ಸಲಾನಾ" ಅಂದು
ರೆಪ್ಪೆ ಬಡಿಯದೆ ದೀಪವನ್ನೇ ನೋಡುತ್ತ ಕೂತರು.

ಹಳೆಯದನ್ನು ಕಂಪನಿಗೆ ಒಪ್ಪಿಸಬೇಕು.
ಚೀಲಕ್ಕೆ ಹಾಕಿ ಹೆಗಲಿಗೇರಿಸಿದೆ.
ಗಲ್ಲಿ ದಾಟಿ ಏಣಿಯ ಹತ್ತಿರ ಬರುವ ತನಕವೂ
ಬೆನ್ನಿಗೆ ಬಿಸಿ ತಾಗುತ್ತಲೇ ಇತ್ತು.