ಏಳನೇ ಸಾಲು

ಐತವಾರ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬೀಗ.
ಜಮಖಂಡಿ ಕೋರ್ಟಿನ ಹಿಂದಿನ ಓಣಿಯಾಗ
ನನ್ನ ಅಂಗಡಿ ಶೆಟರ್ ಅಷ್ಟ ಅರ್ಧ ಎದ್ದಿತ್ತು.
ಒಳಗ ದಸ್ತಗೀರ, ಮೂಗಿಗೆ ದಸ್ತಿ ಕಟಗೊಂಡು,
ಅಟ್ಟ ಝಾಡಸಾಕ ಬಂದವರಗತೆ
ಕಂಪ್ಯೂಟರಿನ ಮುಂದ ಕುಂತಿದ್ದ.

"ಅಕ್ಕಾರ, ಇದು ಸಾವಕಾಶ ಅಲ್ಲ. ಇದಕ್ಕ ಉಬ್ಬಸ."

ಖರೇನ ಅಂದ.
ಎಡಗಡೆ ಮೂಲಿ ಒತ್ತಿ, ಮೆನು ಬರೂದರೊಳಗ
ಒಂದು ಎಲಿಗೆ ಸುಣ್ಣ ಹಚ್ಚಿ, ಅಡಿಕಿ ಇಟ್ಟು, ಮಡಚಿ
ದವಡಿಗೆ ಸೇರಸತಿದ್ದೆ ನಾ.
ಬಂದರೂ ಒಮ್ಮೆಲೇ ಬರೂದಲ್ಲ.
ಬಾಡಿಗಿ ಕೇಳಾಕ ಬಂದವರಿಗೆ ಬಾಗಿಲ ತಗದಂಗ
ಒಂದೊಂದ ಸಾಲು ಕಣ್ಣ ತಿಕ್ಕೋತ ಏಳತಿತ್ತು.

ಏನೇನ ತುಂಬಿತ್ತಪಾ ಅದರಾಗ!
ಮಂಗ್ಯಾ ಕೆಡವಿದ ಸ್ಕ್ಯಾನರಿನ ಹೆಸರು
(ಸ್ಕ್ಯಾನರ್ ಗುಜರಿಗೆ ಹೋಗಿ ಆರು ವರ್ಷ).
ಪಾಲು ಬಿಟ್ಟು ಹೋಗೂ ಮುಂಚೆ
ಸಂಗನಬಸು ಹಾಕಿದ್ದ ಜಾತಕದ ಸಾಫ್ಟ್‌ವೇರ್.
ಕಂಡಕಂಡವರಿಗೆ ಮೂವತ್ತಾರರಾಗ ಮೂವತ್ತು ಗುಣ ಕೂಡಸತಿತ್ತು,
ನಮ್ಮಿಬ್ಬರ ಲೆಕ್ಕ ಮಾತ್ರ ಕೂಡಲಿಲ್ಲ.

ಕಂಪನಿ ಕಂಪನಿಗೂ ಒಂದ ಚಟ:
ತನ್ನ ಹೆಸರಿನ ಫೋಲ್ಡರು, ಅದರೊಳಗ ಮತ್ತ ಅದ ಹೆಸರಿನ ಫೋಲ್ಡರು,
ತಳಕ್ಕ ಒಂದ ಪ್ರೋಗ್ರಾಮು,
ಬಗಲಾಗ 'ಸಹಾಯ', 'ಮೊದಲು ಇದನ್ನು ಓದಿ'.
ಯಾರ ಓದ್ಯಾರ?
ಲಗ್ನದ ಭಾಂಡೆ ಮ್ಯಾಲ ಹೆಸರ ಕೊರಸಿದಂಗ.
ಚಮಚೆದ ಮ್ಯಾಲೂ ಅಜ್ಜನ ಹೆಸರು, ಅಜ್ಜನ ಊರು, ತಾರೀಖು,
ಸಕ್ಕರಿ ಹಿಡಿಯಾಕ ಜಾಗ ಇಲ್ಲ.

ನಾ ಪಟಪಟ ಅಳಿಸಿದೆ.
"ಬೋರ್ಡ್ ಕಿತ್ತರ ಬಾಡಿಗೆದಾರ ಹೋಗೂದಿಲ್ಲರಿ," ಅಂದ ಹುಡುಗ,
ಹಿತ್ತಲ ಬಾಗಿಲದಿಂದ ಹೋಗಿ ಒಬ್ಬೊಬ್ಬರನ್ನ
ಗಂಟುಮೂಟಿ ಸಮೇತ ಹೊರಗ ಹಾಕಿದ.
ಪ್ರತಿ ಸಲ ಒಂದ ಚೌಕ ಎದ್ದು ಕೇಳತಿತ್ತು:
ನಿಜವಾಗಿಯೂ ತೆಗೆಯಬೇಕೆ?
ಯಂತ್ರಕ್ಕ ಇಷ್ಟಾರ ಮರ್ಯಾದಿ ಐತಿ.
ಸಂಗನಬಸು ಕೇಳಿರಲಿಲ್ಲ.

ಟೈಪಿಂಗ್ ಕಲಿಸೂ ಆಟ ಬಂದಾಗ ಅಷ್ಟ ನಾ 'ಇಲ್ಲ' ಒತ್ತಿಸಿದೆ.
ಮುಗಿಲಿಂದ ಅಕ್ಷರ ಬೀಳತಿದ್ದವು ಅದರಾಗ,
ನೆಲ ಮುಟ್ಟೂದರೊಳಗ ಹೊಡೀಬೇಕು.
ತೊಡಿ ಮ್ಯಾಲ ಮಗಳನ್ನ ಮಲಗಿಸಿಕೊಂಡು
ಒಂದ ಕೈಲೆ ಹೊಡದು ಕಲತಾಕಿ ನಾನು.
ಇರಲಿ ಅದು, ಎಲ್ಲಾರ ಕೆಳಗ.

ಕಡೀಕ ದಸ್ತಗೀರ ಎಲ್ಲೋ ಆಳದಾಗ ಇಳದು
ಒಂದು ಅಂಕಿ ಹಿಡಕೊಂಡು ಬಂದ. ನಾನೂರು.
"ಬೇಕಂತನ ತಡ ಇಟ್ಟಾರರಿ ಅಕ್ಕಾರ,
ಸೆಕೆಂಡಿನ ಸಾವಿರದಾಗ ನಾನೂರು ಪಾಲು.
ಸೊನ್ನಿ ಮಾಡಲೇನು?"
ಅಂದರ ಇಷ್ಟ ವರ್ಷ ಯಾರೋ
ನನ್ನ ಕೈಗೂ ಕಣ್ಣಿಗೂ ನಡುವ ಕುಂತು
'ತಡೀ ಯವ್ವಾ, ತಡೀ' ಅಂತಿದ್ದರು.
ಗುರುತಿಲ್ಲದ ಊರಿನ ಯಾವ ಪುಣ್ಯಾತ್ಮನೋ.
"ಸೊನ್ನಿ ಬ್ಯಾಡೊ," ಅಂದೆ, "ಒಂದ ಐವತ್ತ ಇರಲಿ."
ತಕ್ಕಡಿಯಾಗ ಕೊಸರು ಬಿಟ್ಟಂಗ.

ಸೋಮವಾರ ಹತ್ತಕ್ಕ ಚಿಕ್ಕಪಡಸಲಗಿ ತುಂಗವ್ವ ಬಂದಳು.
ರೇಶನ್ ಕಾರ್ಡಿನಾಗ ತುಂಗವ್ವ, ಆಧಾರಿನಾಗ ತಂಗೆವ್ವ,
ಬ್ಯಾಂಕಿನ ಪುಸ್ತಕದಾಗ ಇನ್ನ ಯಾರೋ ಗಂಗವ್ವ.
ಮೂವರೂ ಒಬ್ಬಾಕೀನ ಅಂತ ಅಫಿಡವಿಟ್ ಬೇಕು.

ಮೂಲಿ ಒತ್ತಿದೆ.
ಫಕ್ಕನ ಬಂದು ನಿಂತಿತು ಮೆನು.
ಎಲಿ ಇನ್ನ ಕೈಯಾಗ ಐತಿ, ಸುಣ್ಣದ ಡಬ್ಬಿ ತಗದಿಲ್ಲ.
ಬೆರಳು ತನ್ನ ಪಾಡಿಗೆ ತಾನು ಏಳನೇ ಸಾಲಿಗೆ ಹೋತು,
ಹನ್ನೊಂದು ವರ್ಷ 'ನುಡಿ' ಇದ್ದ ಜಾಗಕ್ಕ.
ಈಗ ಅಲ್ಲಿ ಕ್ಯಾಲ್ಕ್ಯುಲೇಟರು.
ಮುಚ್ಚಿದೆ. ಮತ್ತ ಒತ್ತಿದೆ.
ಮತ್ತ ಏಳು, ಮತ್ತ ಕ್ಯಾಲ್ಕ್ಯುಲೇಟರು.

"ಲೆಕ್ಕ ಆಮ್ಯಾಲ ಮಾಡಾಕಂತ, ಯವ್ವಾ,"
ಉಡಿಯಾಗಿನ ಚೀಟಿ ಬಿಚ್ಚಿ ಟೇಬಲ್ ಮ್ಯಾಲ ಇಟ್ಟು
ತುಂಗವ್ವ ಅಂದಳು,
"ಮೊದಲ ಹೆಸರ ಬರಿ."