ನಿಮಿಷಕ್ಕೆಷ್ಟು ಪದ

ರೇಸ್‌ಕೋರ್ಸ್ ರಸ್ತೆಯ ಹೋಟೆಲಿನ ನೆಲಮಾಳಿಗೆಯಲ್ಲಿ
ಬೆಳಗಿನಿಂದ ಜಗಳ.
ಮೊದಲು ಅಕ್ಷರ, ಕಾಗುಣಿತ ಬಾಯಿಗೆ ಬರಲಿ ಅಂತ ಒಬ್ಬರು;
ಮೊದಲು ಕಥೆ, ಅಕ್ಷರ ತಾನಾಗಿ ಹಿಂದೆ ಬರುತ್ತೆ ಅಂತ ಇನ್ನೊಬ್ಬರು.
ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಅಂದರು, ಬೇಡವೇ ಬೇಡ ಅಂದರು.
ಮಾತೃಭಾಷೆ ಅಂದಾಗ
ಯಾರ ಮಾತೆ ಅಂತ ಯಾರೋ ಕೇಳಿ
ನಗು. ಆಮೇಲೆ ಕಾಫಿ.

ಪರದೆಯ ಮೇಲೆ ಸಾವಿರದ ಇನ್ನೂರು ಚುಕ್ಕೆ,
ಒಂದೊಂದೂ ಒಂದು ಮಗು.
ಎಡಗಡೆ, ತೀರಾ ಕೆಳಗೆ, ಗುಂಪು ಬಿಟ್ಟು ಬಿದ್ದದ್ದೊಂದನ್ನು
ಕೆಂಪು ಬೆಳಕಿನಿಂದ ತಿವಿದು
ಇದನ್ನು ತೆಗೆದುಬಿಡಬಹುದು, ಅಂದರು.
ಹಿಂದಿನ ಸಾಲಿನಲ್ಲಿ
ನನ್ನ ಬಾಯಿತುಂಬ ಬಿಸ್ಕತ್ತು.

ಅದು ಸಾಬಮ್ಮ.
ಥಣಿಸಂದ್ರದಾಚೆ, ಹದಿನೆಂಟು ಮಹಡಿ ಏಳುತ್ತಿರುವ ಕಡೆ,
ತಗಡಿನ ಶೆಡ್ಡುಗಳ ಬೆನ್ನಿಗಿರುವ ಸರ್ಕಾರಿ ಶಾಲೆ, ಮೂರನೇ ಕ್ಲಾಸು.
ಯಾದಗಿರಿ ಕಡೆಯವಳು.
ನನ್ನ ಕೈಲಿ ಸ್ಟಾಪ್‌ವಾಚು, ತೊಡೆ ಮೇಲೆ ರಟ್ಟು,
ದಿನಕ್ಕೆ ಎಂಟುನೂರು ರೂಪಾಯಿ, ಬಸ್ಸಿನ ಖರ್ಚು ಬೇರೆ.
ತಪ್ಪು ಓದಿದ ಪದದ ಮೇಲೆ ಓರೆಗೆರೆ.
ಉಚ್ಚಾರ ಬೇರೆಯಾದರೆ ಬಿಡಿ, ಪದ ಬೇರೆಯಾದರೆ ಗೆರೆ,
ಅಂತ ತರಬೇತಿಯಲ್ಲಿ ಎರಡೆರಡು ಸಲ ಹೇಳಿದ್ದರು.

ಹಾಳೆಯಲ್ಲಿ ಇದ್ದದ್ದು:
ಮೀನಾ ಬಾವಿಯ ಬಳಿ ಕುಳಿತು ಅಳುತ್ತಿದ್ದಾಳೆ.
ಅವಳ ಮೇಕೆ ಕಾಣೆಯಾಗಿದೆ.

ಬೆರಳಿಟ್ಟು, ತಡೆದು, ಒಳಗೊಳಗೇ ಏನೋ ತೂಗಿ
ಸಾಬಮ್ಮ ಓದಿದ್ದು:
ಮೀನಾ ಬಾಂವಿ ಹತ್ರ ಕುಂತು ಅಳ್ಲಾಕತ್ತಾಳ.
ಆಕಿ ಆಡು ಕಳದದ.

ಕುಂತು ಅನ್ನೋದು ಉಚ್ಚಾರವೋ, ಪದವೋ?
ಯೋಚಿಸುವಷ್ಟರಲ್ಲಿ ನಾಲ್ಕು ಸೆಕೆಂಡು. ಗೆರೆ.
ಎಂಟು ಪದಕ್ಕೆ ಏಳು ಗೆರೆ.
ಮೀನಾ ಒಬ್ಬಳು ಉಳಿದಳು.

ನಿಮಿಷಕ್ಕೆ ಹತ್ತು ಪದ ದಾಟದ ಮಗುವಿಗೆ
ಅರ್ಥದ ಪ್ರಶ್ನೆ ಕೇಳತಕ್ಕದ್ದಲ್ಲ:
ಕೈಪಿಡಿ, ಪುಟ ಹದಿನಾಲ್ಕು.
ಕೇಳಲಿಲ್ಲ.
ಅವಳೇ ಕೇಳಿದಳು, ಆಡು ಸಿಕ್ತೇನ್ರಿ?

ಅವಳಿಗಿಂತ ಮುಂಚೆ ಕೂತಿದ್ದ ಚರಿತ್‌ದು ಎಪ್ಪತ್ತೊಂದು ಪದ,
ನಡುರಾತ್ರಿಯ ರಿಂಗ್ ರೋಡಿನ ಹಾಗೆ, ಎಲ್ಲೂ ಸಿಗ್ನಲ್ಲಿಲ್ಲ.
ಕೊನೇ ತನಕ ಓದಿದವನು ಅವನೇ ತಾನೆ,
ಅವನನ್ನೇ ಹಿಡಿದು ಕೇಳಿದಳು.
ಯಾವ ಮೇಕೆ? ಅಂದ.

ಇಬ್ಬರೂ ನನ್ನ ಕಡೆ ನೋಡಿದರು.
ಆ ವಾರ ನೂರಾ ನಲವತ್ತು ಸಲ ಅದೇ ಹಾಳೆ ಕೇಳಿದ್ದೆ,
ಕಣ್ಣು ಸೆಕೆಂಡಿನಲ್ಲಿ, ಕೈ ಗೆರೆಯಲ್ಲಿ.
ಮೇಕೆ ಏನಾಯಿತೋ
ನನಗೂ ಗೊತ್ತಿರಲಿಲ್ಲ.

ನೀವು ಓದ್ರಿ, ಅಂದಳು. ಅದನ್ನ ನನ್ನ ಕೈಯಾಗ ಕೊಡ್ರಿ.
ಗುಂಡಿ ಒತ್ತಿದಳು.

ನಾನು ಮಾಗಡಿ ಕಡೆಯವಳು.
ಹಕ್ಕಿ ಹಾರಿತು ಅನ್ನೋದು ನನ್ನ ಬಾಯಲ್ಲಿ
ಅಕ್ಕಿ ಆರಿತು ಆಗಿ, ಇಡೀ ಕ್ಲಾಸು ನಕ್ಕು,
ಚನ್ನರಾಯಪ್ಪ ಮೇಷ್ಟ್ರ ಅಡಿಕೋಲು ಬೆರಳಗೆಣ್ಣುಗಳ ಮೇಲೆ
ಹ ಹ ಹ ಅಂತ ಬರೆದಿತ್ತು.
ಬಿ.ಎಡ್. ಮಾಡಿದೆ. ಮೈಕು ಹಿಡಿದೆ. ಈಗ ಬರುತ್ತೆ.
ಆದರೆ ಯಾರಾದರೂ ಗಡಿಯಾರ ಹಿಡಿದು ಕೂತರೆ
ಬಾಯಿ ಊರಿಗೆ ಹೊರಟುಬಿಡುತ್ತೆ.

ಬಾವಿ ದಾಟಿದೆ, ಬೇಲಿ ದಾಟಿದೆ, ಅಜ್ಜಿಯನ್ನೂ ದಾಟಿ
ಕೊನೆಯ ಸಾಲು:
ಮೇಕೆ ಇತ್ತಲಲ್ಲಿ ಉಲ್ಲು ಮೇಯುತ್ತಿತ್ತು,
ಅಂದುಬಿಟ್ಟೆ.

ಸಿಕ್ತು! ಅಂತ ಚರಿತ್‌ನ ಬೆನ್ನಿಗೊಂದು ಗುದ್ದಿ
ಸಾಬಮ್ಮ ನನ್ನ ರಟ್ಟು ಎಳಕೊಂಡು
ನಾಲಿಗೆ ತುದಿ ಕಚ್ಚಿ, ಬಲು ಜೋಪಾನವಾಗಿ
ಎರಡು ಗೆರೆ ಎಳೆದಳು.
ಓರೆಯಾಗಿ, ಕೈಪಿಡಿಯಲ್ಲಿ ಹೇಳಿದ ಹಾಗೇ.

ಅದು ಉಚ್ಚಾರ ಕಣೇ, ಪದ ಅಲ್ಲ,
ಅನ್ನಲು ಹೋಗಿ
ಬಾಯಿ ಮುಚ್ಚಿಕೊಂಡೆ.